ಹೊಟ್ಟಿ ತುಂಬ್ಯದ, ಮೈ ತುಂಬಿಲ್ಲ

"ಕಾಕಾ, ಹೋರಿಗೋಳ ಪಕ್ಕಿ ಎಲುಬು ಇಲ್ಲಿಂದನ ಎಣಸಬಹುದಲ್ಲ?" ಎಂದು ಜಾಲಿಮುಳ್ಳಿನ ಬೇಲಿಯಾಚೆಗೆ ಕೇಳಿದೆ.

"ಹೊಟ್ಟಿ ನೋಡಲೇ ತಮ್ಮಾ, ನಗಾರಿ ಆಗ್ಯಾವ! ಮುಂಜಾನಿ ಬಿಟ್ರ ಹೊತ್ತ ಮುಳುಗೂ ತನಕಾ ಮೇಯ್ತಾವ."

"ಹೊಟ್ಟಿ ತುಂಬ್ಯದ ಕಾಕಾ, ಮೈ ತುಂಬಿಲ್ಲ."

ನಮ್ಮೂರು ಸಾಲೋಟಗಿಯಲ್ಲಿ ಇದು ಬೇಸಿಗೆಗೊಮ್ಮೆ ಏಳುವ ತಕರಾರು. ಮಳೆಗಾಲದ ಬದುವಿನ ಹುಲ್ಲಿಗೆ ಯಾರೂ ಹೆಸರಿಡುವಂತಿಲ್ಲ. ಒಣಗಿತೋ, ಕತೆ ಬೇರೆ. ಜೋಳದ ಕಣಿಕಿಯಲ್ಲಿ ಪ್ರೋಟೀನು ನೂರಕ್ಕೆ ಮೂರೋ ನಾಲ್ಕೋ ಪಾಲು. ದನದ ಹೊಟ್ಟೆಯಲ್ಲಿ ನಾರು ಕರಗಿಸುವುದು ಸೂಕ್ಷ್ಮಜೀವಿಗಳು. ಅವೇ ಉಪವಾಸ ಬಿದ್ದರೆ ತಿಂದದ್ದು ಒಳಗೇ ಕೂರುತ್ತದೆ, ಹೋರಿ ಮತ್ತೆ ಮೇವಿಗೆ ಬಾಯಿ ಹಾಕುವುದಿಲ್ಲ. ವರ್ಷದ ಹೋರಿಗೆ ದಿನಕ್ಕೆ ಅರ್ಧ ಕಿಲೋ ಶೇಂಗಾ ಹಿಂಡಿ ಬಿದ್ದರೂ ಅದೇ ಕಣಿಕಿ ಮೈಗೆ ಹತ್ತುತ್ತದೆ.

"ಹಿಂಡಿ ರೇಟ್ ಕೇಳಿಯೇನು? ಅದು ಹಿಂಡೂ ಎಮ್ಮಿಗಿ. ಇವಕ್ಕ ಕಬ್ಬಿನ ವಾಡಿ ಹಾಕ್ತೀನಿ, ಹಸರ ಇರ್ತದ."

ಹಸಿರೇನೋ ಹೌದು. ಆದರೆ ವಾಡಿಯ ಆಕ್ಸಲೇಟು ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಲುಬು ಬೆಳೆಯುವ ವಯಸ್ಸಿನಲ್ಲಿ ಅದನ್ನೇ ನೆಚ್ಚಿದರೆ ಖನಿಜ ಮಿಶ್ರಣವೂ ಬೇಕು.

"ಯೂರಿಯಾ ಹಾಕ್ತಾರಂತಲ್ಲ?"

"ಬರೇ ಯೂರಿಯಾ ನೆಕ್ಕಿದ್ರ ಸಾಯ್ತಾವ ಕಾಕಾ! 100 ಕಿಲೋ ಕಣಿಕಿಗಿ 4 ಕಿಲೋ, ನೀರಾಗ ಕರಗಿಸಿ ಚಿಮುಕಿಸಿ, ಗಾಳಿ ಆಡದಂಗ 21 ದಿನ ಮುಚ್ಚಿಡಬೇಕು. ಆರು ತಿಂಗಳ ಒಳಗಿನ ಕರಕ್ಕ ಅದೂ ಬ್ಯಾಡ."

ಕಾಕಾ ಜಿಪುಣನಲ್ಲ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೋದರೆ ಜೂಲಾ, ಗೊಂಡೆ, ಗೆಜ್ಜೆ ಎಲ್ಲ ಬರುತ್ತವೆ. ಖಿಲಾರಿ ಹೋರಿ ಕೊಳ್ಳುವವನು ಮಾತ್ರ ಜೂಲಾ ಎತ್ತಿ ಹಲ್ಲು, ಹೆಗಲು, ಗೊರಸು ನೋಡಿಯೇ ರೇಟು ಹೇಳುತ್ತಾನೆ.

ಕಡೆಗೆ ಊರಿನ ಅಭಿಮಾನವನ್ನೇ ಕೆಣಕಿದೆ. ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನ ನಮ್ಮೂರದೇ. ಇಲ್ಲಿನ ಶಾಲೆಗೆ ಭೂಮಿ ಬಿಟ್ಟರು, ದೀಪಕ್ಕೇ ಬೇರೆ 12 ನಿವರ್ತನ.

"ಓದೋ ಹುಡುಗೂರಿಗಿ ಅಷ್ಟ ಕೊಟ್ಟ ಊರು ಕಾಕಾ, ಹೋರಿಗಿ ಒಂದ್ ಬೊಗಸಿ ಹಿಂಡಿ ಭಾರ ಆತೇನು?"

"ಆ ಭೂಮಿ ಉತ್ತ ಎತ್ತಿಗಿ ಏನ್ ಕೊಟ್ರಂತ ಕಲ್ಲಿನ್ಯಾಗ ಬರದಾರೇನು?"

ನಾನು ಬಾಯಿ ತೆರೆಯುವ ಮೊದಲೇ ಬೇಲಿಯ ಮೇಲಿಂದ ಖಾಲಿ ಬುಟ್ಟಿ ಈಚೆಗೆ ಬಂತು.

"ನಿಮ್ಮನ್ಯಾಗ ಹಿಂಡಿ ಅದ ಅಲ್ಲ? ತುಂಬಿ ಕೊಡು. ಸುಗ್ಗಿಗಿ ಲೆಕ್ಕಾ ಮಾಡೂನಂತ."