ಬಿದ್ದ ಕೇಸು

ಮಳೆ ನಿಂತು ಹತ್ತು ನಿಮಿಷವಾಗಿತ್ತು. ಮೈಸೂರಿನ ಸರಸ್ವತಿಪುರಂನ ಒಂದು ತಿರುವಿನಲ್ಲಿ ಬೀದಿನಾಯಿಯೊಂದು ರಸ್ತೆ ದಾಟುವುದೋ ಬೇಡವೋ ಎಂದು ಧ್ಯಾನಿಸುತ್ತ ನಿಂತಿತ್ತು. ನಾನು ಬ್ರೇಕು ಹಿಡಿದೆ. ನಾಯಿ ಒಂದು ತೀರ್ಮಾನಕ್ಕೆ ಬರುವ ಮೊದಲೇ ನನ್ನ ಸ್ಕೂಟರು ತೀರ್ಮಾನಕ್ಕೆ ಬಂದುಬಿಟ್ಟಿತು. ನಾನೊಂದು ಕಡೆ, ಸ್ಕೂಟರೊಂದು ಕಡೆ, ಜೇಬಿನಲ್ಲಿದ್ದ ಕನ್ನಡಕದ ಕೇಸು ಇನ್ನೆಲ್ಲೋ. ಎಳನೀರಿನವರು ಮಚ್ಚು ಕೆಳಗಿಟ್ಟು ಓಡಿಬಂದು, ನನ್ನನ್ನು ಎತ್ತಿ ಆಟೋಗೆ ತುಂಬಿದರು.

ಆಸ್ಪತ್ರೆಯ ಕ್ಯಾಜುವಾಲ್ಟಿ ಬಾಗಿಲಲ್ಲಿ ಆಯಾ ಕೇಳಿದರು, “ಏನ್ ಕೇಸು?” ನಾನು ಬಾಯಿ ತೆರೆಯುವ ಮುಂಚೆ ಆಟೋದವನೇ ಹೇಳಿದ: “ಬಿದ್ದ ಕೇಸು ಕಣಕ್ಕ.”

ಮೂವತ್ತು ವರ್ಷದಿಂದ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿರುವ ನನಗೆ ಮೊಣಕಾಲಿನ ಉರಿ ಒಂದು ಗಳಿಗೆ ಮರೆತೇಹೋಯಿತು. ಲ್ಯಾಟಿನ್ನಿನಲ್ಲಿ ‘ಕಾದೆರೆ’ ಎಂದರೆ ಬೀಳುವುದು. ಅದರಿಂದ ಹುಟ್ಟಿದ್ದು ‘ಕಾಸುಸ್’, ಅಂದರೆ ಬಿದ್ದದ್ದು, ತಾನಾಗಿ ಒದಗಿದ್ದು. ಅದೇ ಫ್ರೆಂಚರ ಮನೆ ಹಾದು ಇಂಗ್ಲಿಷಿಗೆ ಕೇಸ್ ಆಗಿ ಬಂತು. ಹಾಗಾದರೆ ಬಿದ್ದ ಕೇಸು ಎಂದರೆ ಬಿದ್ದ ಬೀಳು! ನಮ್ಮ ಗೇಟುಬಾಗಿಲು, ನಡುಸೆಂಟರಿನ ಜಾತಿಯದು.

ಮಂಚದ ಮೇಲೆ ಮಲಗಿಸಿ ಹೋದವರು ಬರುವುದು ತಡವಾಯಿತು. ಫ್ಯಾನು ನೋಡುತ್ತ ಲೆಕ್ಕ ಹಾಕಿದೆ. ಕ್ಯಾಜುವಾಲ್ಟಿಯೂ ಆ ಕಾಸುಸ್‌ನ ಮಗಳೇ. ನಾಳೆ ಕಾಲೇಜಿಗೆ ಬರೆದುಕೊಡಬೇಕಾದ ಕ್ಯಾಜುವಲ್ ಲೀವು ಅವಳ ತಮ್ಮ. ಆಕ್ಸಿಡೆಂಟು ದಾಯಾದಿ. “ನಿಮ್ ಚಾನ್ಸ್ ಸಾರ್, ತಲೆಗೇನೂ ಆಗಿಲ್ಲ” ಎಂದು ಆಟೋದವ ಹೇಳಿ ಹೋದನಲ್ಲ, ಆ ಚಾನ್ಸು ಕೂಡ ಕಾದೆರೆಯ ವಂಶವೇ. ಒಂದೇ ಮನೆತನದವರೆಲ್ಲ ಒಟ್ಟಾಗಿ ನನ್ನನ್ನು ನೋಡಲು ಬಂದಿದ್ದರು. ಬ್ರೆಡ್ಡು, ಮೂಸಂಬಿ ತಂದಿರಲಿಲ್ಲ ಅಷ್ಟೆ.

ಡ್ಯೂಟಿ ಡಾಕ್ಟರು ಬಂದು “ಎಂಎಲ್‌ಸಿ ಬರೀಬೇಕಾಗತ್ತೆ” ಎಂದರು. ಅದರ ಕೊನೆಯ ಅಕ್ಷರವೂ ಕೇಸೇ, ಪೊಲೀಸರಿಗೆ ತಿಳಿಸಬೇಕಾದ ಕೇಸು. “ಎದುರು ಗಾಡಿ ಯಾವುದು?” “ನಾಯಿ,” ಎಂದೆ. ಪೆನ್ನು ಸ್ವಲ್ಪ ಹೊತ್ತು ನಿಂತಿತು.

ಕೋರ್ಟಿನ ಕೇಸಿನ ವಿಷಯದಲ್ಲಿ ನಮ್ಮವರ ಕಿವಿಯನ್ನು ಮೆಚ್ಚಬೇಕು. ಲ್ಯಾಟಿನ್ನಿನ ಗಂಧಗಾಳಿ ಇಲ್ಲದೆಯೂ ಕನ್ನಡಿಗರು ಕೇಸನ್ನು ಬೀಳಿಸುತ್ತಲೇ ಬಂದಿದ್ದಾರೆ. ಹೂಡಿದರೆ “ಅವನ ಮೇಲೆ ಕೇಸು ಬಿತ್ತು”. ವಜಾ ಆದರೆ “ಕೇಸು ಬಿದ್ದುಹೋಯ್ತು”. ಈ ಎರಡು ಬೀಳಾಟಗಳ ನಡುವೆ ಅದು ನಡೆಯುತ್ತದೆ. ನಮ್ಮಜ್ಜ ಹೂಡಿದ ಬೇಲಿಯ ಕೇಸು ನಡೆಯುತ್ತ ನಡೆಯುತ್ತ ನನ್ನ ಮದುವೆಯ ತನಕ ಬಂದಿತ್ತು. ಬೇಲಿ ಅಷ್ಟರಲ್ಲಿ ಗೆದ್ದಲು ಹಿಡಿದು ತಾನೇ ಬಿದ್ದಿತ್ತು.

ವಿಭಕ್ತಿಗೂ ಇಂಗ್ಲಿಷಿನಲ್ಲಿ ಕೇಸ್ ಎನ್ನುತ್ತಾರೆ. ಸಂಸ್ಕೃತದವರು ಪದವನ್ನು ಪಾಲು ಮಾಡಿ ವಿಭಕ್ತಿ ಎಂದರೆ ಗ್ರೀಕರು ಅದನ್ನು ಕೆಡವಿ ‘ಪ್ಟೋಸಿಸ್’ ಎಂದರು. ಬೀಳುವುದು ಎಂದೇ ಅರ್ಥ. ಕಣ್ಣಿನ ಡಾಕ್ಟರುಗಳು ರೆಪ್ಪೆ ಜೋತುಬಿದ್ದರೆ ಇವತ್ತಿಗೂ ಅದೇ ಹೆಸರು ಹೇಳುತ್ತಾರೆ. ರೋಮನ್ನರು ಆ ಗ್ರೀಕ್ ಮಾತನ್ನು ಕಾಸುಸ್ ಎಂದು ತಮ್ಮ ಭಾಷೆಗೆ ತಂದುಕೊಂಡರು. ಅವರ ಎಣಿಕೆಯಲ್ಲಿ ಪ್ರಥಮಾ ವಿಭಕ್ತಿಯ ನಾಮಪದ ನೆಟ್ಟಗೆ ನಿಂತಿರುತ್ತದೆ, ಮಿಕ್ಕವು ವಾಲಿದಂಥವು. ಎಷ್ಟು ನಿಜ! ನಾನು ಸ್ಕೂಟರಿನ ಮೇಲೆ ನೆಟ್ಟಗಿದ್ದೆ. ನನ್ನನ್ನು ಎತ್ತಿದರು. ನನ್ನಿಂದ ನಾಯಿ ಉಳಿಯಿತು. ನನಗೆ ಟಿ.ಟಿ. ಇಂಜೆಕ್ಷನ್ ಚುಚ್ಚಿದರು. ನನ್ನ ದೆಸೆಯಿಂದ ಟ್ರಾಫಿಕ್ ಜಾಮ್ ಆಯಿತು (ಶಾಲೆ ಬಿಟ್ಟ ಮೇಲೆ ಪಂಚಮಿಗೆ ನನ್ನಿಂದ ಕೆಲಸ ಸಿಕ್ಕಿದ್ದು ಇದೇ ಮೊದಲು). ನನ್ನ ಪ್ಯಾಂಟು ಹರಿಯಿತು. ಸಪ್ತಮಿಗೆ ಬರುವ ಹೊತ್ತಿಗೆ ನನ್ನಲ್ಲಿ ಕಾಸಿರಲಿಲ್ಲ.

ಅಷ್ಟರಲ್ಲಿ ಹೆಂಡತಿ ಓಡಿಬಂದಳು. ಕೈಕಾಲು ಮುಟ್ಟಿ ನೋಡಿ, ಗಾಬರಿ ಇಳಿದ ಮೇಲೆ ಕೇಳಿದಳು, “ಅಲ್ರೀ, ಕನ್ನಡಕದ ಕೇಸೆಲ್ಲಿ?”

ಈ ಕೇಸು ಬೇರೆ. ಕಾಸುಸ್‌ಗೂ ಇದಕ್ಕೂ ರಕ್ತಸಂಬಂಧವಿಲ್ಲ. ಇದು ಲ್ಯಾಟಿನ್ನಿನ ‘ಕಾಪ್ಸಾ’, ಅಂದರೆ ಪೆಟ್ಟಿಗೆ. ರೋಮಿನ ಸಿರಿವಂತರ ಮಕ್ಕಳು ಪಾಠಕ್ಕೆ ಹೊರಟರೆ ಸುರುಳಿ ಪುಸ್ತಕಗಳ ಕಾಪ್ಸಾ ಹೊತ್ತು ಆಳೊಬ್ಬ ಹಿಂದೆ ನಡೆಯುತ್ತಿದ್ದ. ಗಾಯಕ್ಕೆ ಕಟ್ಟುವ ಪಟ್ಟಿಗಳ ಪೆಟ್ಟಿಗೆ ಹಿಡಿದ ಸೈನ್ಯದ ಶುಶ್ರೂಷಕನಿಗೂ ‘ಕಾಪ್ಸಾರಿಯುಸ್’ ಎಂದೇ ಹೆಸರು. ನನ್ನ ಮೊಣಕಾಲಿಗೆ ಆಗ ಅವನ ಮೊಮ್ಮಗನೊಬ್ಬ ಬೇಕಿತ್ತು. ಸೂಟ್‌ಕೇಸು, ದಿಂಬಿನ ಕೇಸು ಎಲ್ಲ ಈ ಪೆಟ್ಟಿಗೆಯ ಮರಿಗಳು. ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯ ಅಚ್ಚುಕೂಟದಲ್ಲೂ ಕೇಸು ಎಂದರೆ ಮೊಳೆ ತುಂಬಿದ ಮರದ ತಟ್ಟೆ. ಇಂಗ್ಲಿಷಿನವರು ದೊಡ್ಡಕ್ಷರಗಳನ್ನು ಮೇಲಿನ ಕೇಸಿನಲ್ಲೂ ಚಿಕ್ಕಕ್ಷರಗಳನ್ನು ಕೆಳಗಿನದರಲ್ಲೂ ಇಟ್ಟದ್ದರಿಂದ ‘ಅಪ್ಪರ್ ಕೇಸ್, ಲೋವರ್ ಕೇಸ್’ ಎಂಬ ಹೆಸರು ನಿಂತಿತು. ಪಾಸ್‌ವರ್ಡ್ ಕೇಳುವ ಕಂಪ್ಯೂಟರು ಇಂದಿಗೂ ಆ ತಟ್ಟೆಗಳನ್ನೇ ನೆನೆಯುತ್ತದೆ. ಕನ್ನಡದ ಅಕ್ಷರಗಳಲ್ಲಿ ಮೇಲು ಕೀಳಿಲ್ಲ. ಆದರೆ ಕಾಗುಣಿತ, ಒತ್ತುಗಳ ಸಂಸಾರ ದೊಡ್ಡದು. ನಮ್ಮ ಕಂಪಾಸಿಟರ ಕೈ ಜೇನುಗೂಡಿನಂಥ ಆ ಮನೆಗಳ ಮೇಲೆ ನೋಡದೆಯೇ ಓಡುತ್ತಿತ್ತು. ಕನ್ನಡದ ಮೊದಮೊದಲ ಅಚ್ಚಿನ ಪುಸ್ತಕಗಳಲ್ಲೊಂದು ವಿಲಿಯಂ ಕೇರಿ ಬರೆದು 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚಾದ ಕನ್ನಡ ವ್ಯಾಕರಣ. ಬಿದ್ದ ಕೇಸುಗಳ ಪಾಠವನ್ನು ಪೆಟ್ಟಿಗೆ ಕೇಸಿನ ಮೊಳೆಗಳಿಂದ ಜೋಡಿಸಿದರು!

ಬಿಡುಗಡೆಯ ಹೊತ್ತಿಗೆ ಕಾಪ್ಸಾದ ಬಂಧುಗಳೂ ಒಬ್ಬೊಬ್ಬರಾಗಿ ಬಂದರು. ಡಾಕ್ಟರು ಬರೆದದ್ದು ಕ್ಯಾಪ್ಸೂಲು, ಅಂದರೆ ಪುಟ್ಟ ಪೆಟ್ಟಿಗೆ. ಕೌಂಟರಿನಲ್ಲಿ ಕೇಳಿದ್ದು ಕ್ಯಾಶು. ಅದೂ ಮೊದಲು ಹಣದ ಪೆಟ್ಟಿಗೆಯ ಹೆಸರು, ಆಮೇಲೆ ಒಳಗಿನ ಹಣಕ್ಕೆ ದಾಟಿಕೊಂಡಿತು. ಮನೆಗೆ ಬಂದರೆ ಮೆಕ್ಯಾನಿಕ್ಕಿನ ಫೋನು: “ಸಾರ್, ಚಾಸಿ ಬೆಂಡಾಗಿದೆ.” ಚಾಸಿಯೂ ಅದೇ ಕಾಪ್ಸಾದ ಕೂಸು ಎಂದು ಅವನಿಗೆ ಹೇಳಹೊರಟೆ. “ಯಾವ ಕಂಪನೀದಾದ್ರೂ ಸರಿ, ನಾಲ್ಕು ಸಾವಿರ ಆಗತ್ತೆ” ಎಂದ.

ನಾಯಿ ಚೆನ್ನಾಗಿದೆ, ಅದೇ ತಿರುವಿನಲ್ಲೇ ಇದೆ. ಕನ್ನಡಕದ ಕೇಸು ಮಾತ್ರ ಸಿಕ್ಕಿಲ್ಲ. ಕಂದು ಬಣ್ಣದ್ದು, ಮುಚ್ಚಳದ ಅಂಚು ಕಿತ್ತಿದೆ, ಒಳಗೆ ಒರೆಸುವ ಹಳದಿ ಬಟ್ಟೆಯಿದೆ. ಕಂಡವರು ದಯವಿಟ್ಟು ಎಳನೀರಿನವರ ಹತ್ತಿರ ಕೊಟ್ಟಿರಿ.