ಕಾರ್ಟ್ ಕಟ್ಟುವ ಮಕ್ಕಳಿಗೆ ವೈಂಡಿಂಗ್ ಅಂಗಡಿಯಿಂದ ಒಂದು ಬಹಿರಂಗ ಪತ್ರ

ಎಲೆಕ್ಟ್ರಿಕ್ ಗೋ-ಕಾರ್ಟ್ ಕಟ್ಟಲು ಹೊರಟಿರುವ ಡಿಪ್ಲೊಮಾ, ಎಂಜಿನಿಯರಿಂಗ್ ಮಕ್ಕಳೇ,

ನಾನು ತಿಪಟೂರು ಕಡೆಯವನು. ಪಂಪ್‌ಸೆಟ್ ಮೋಟಾರ್‌ಗಳಿಗೆ ತಂತಿ ಸುತ್ತುವುದು ನನ್ನ ಕಸುಬು. ಕಳೆದ ತಿಂಗಳು ನಿಮ್ಮಂಥ ನಾಲ್ವರು ಗೋಣಿಚೀಲದಲ್ಲಿ ಒಂದು ಮೋಟಾರ್ ಹೊತ್ತು ತಂದರು. ಮುಚ್ಚಳ ಬಿಚ್ಚುವ ಮೊದಲೇ ವಾರ್ನಿಷ್ ಸುಟ್ಟ ವಾಸನೆ ಮೂಗಿಗೆ ಬಡಿಯಿತು. "ಅಂಕಲ್, ಸಾವಿರ ವ್ಯಾಟ್ ಅಂತ ಬರೆದಿತ್ತು. ಕಾಲೇಜ್ ಗೇಟಿನ ಏರು ಸಹ ಹತ್ತಲಿಲ್ಲ" ಅಂದಳು ಹುಡುಗಿ. ನಾಲ್ಕು ಮನೆಯವರ ದುಡ್ಡು ಕೂಡಿಸಿ ಕೊಂಡಿದ್ದ ಮೋಟಾರ್ ಅದು. ಅವಳ ಮುಖ ನನಗೆ ಇನ್ನೂ ಮರೆತಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಅವರು ಮೋಟಾರಿಗೆ 11 ಹಲ್ಲಿನ ಸ್ಪ್ರಾಕೆಟ್, ಹಿಂದಿನ ಆ್ಯಕ್ಸಲ್‌ಗೆ 22 ಹಲ್ಲಿನದು ಹಾಕಿದ್ದರು. ನಿಮಿಷಕ್ಕೆ 3000 ಸುತ್ತಿನ ಮೋಟಾರ್, 28 ಸೆಂ.ಮೀ. ವ್ಯಾಸದ ಟೈರು. ಕಾಗದದ ಮೇಲೆ ಗಂಟೆಗೆ 80 ಕಿ.ಮೀ. ಬರುತ್ತದೆ. ಆದರೆ 3000 ಸುತ್ತಿನಲ್ಲಿ ಸಾವಿರ ವ್ಯಾಟ್ ಕೊಡುವ ಮೋಟಾರಿನ ಟಾರ್ಕ್ ಬರೀ 3.2 ನ್ಯೂಟನ್-ಮೀಟರ್. ಸ್ಪ್ರಾಕೆಟ್ ಅದನ್ನು ಎರಡು ಪಟ್ಟು ಮಾಡಿದರೂ ಟೈರು ನೆಲವನ್ನು ತಳ್ಳುವ ಬಲ 45 ನ್ಯೂಟನ್ ಆಸುಪಾಸು. ಕಾರ್ಟ್ 80 ಕೆ.ಜಿ., ಓಡಿಸುವವರು 70 ಕೆ.ಜಿ. ಅಂತ ಇಟ್ಟುಕೊಳ್ಳಿ. ಟೈರು ಉರುಳುವುದಕ್ಕೇ 30 ನ್ಯೂಟನ್ ಬೇಕು. 20 ಅಡಿಗೆ 1 ಅಡಿ ಏರುವ ರಸ್ತೆಯಾದರೆ ಅದರ ಮೇಲೆ ಇನ್ನೂ 73. ನೂರು ಕೇಳುವ ಕಡೆ ನಲವತ್ತೈದು ಕೊಟ್ಟರೆ ಕಾರ್ಟ್ ಹೇಗೆ ಏರೀತು?

ಏರಲಿಲ್ಲ, ಸರಿ. ಸುಟ್ಟದ್ದೇಕೆ? 1956ರಲ್ಲಿ ಕ್ಯಾಲಿಫೋರ್ನಿಯಾದ ಆರ್ಟ್ ಇಂಗಲ್ಸ್ ಮೊದಲ ಕಾರ್ಟ್ ಕಟ್ಟಿದಾಗ ಕೂರಿಸಿದ್ದು ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್. ಅಂಥ ಪೆಟ್ರೋಲ್ ಎಂಜಿನ್ನಿಗೆ ತಾಳಲಾರದಷ್ಟು ಹೊರೆ ಬಿದ್ದರೆ ಅದು ಆಫ್ ಆಗಿಬಿಡುತ್ತದೆ. ವಿದ್ಯುತ್ ಮೋಟಾರಿಗೆ ಆ ಬುದ್ಧಿ ಇಲ್ಲ. ತಿರುಗಲಾರದೆ ನಿಂತಲ್ಲೇ ಬ್ಯಾಟರಿಯಿಂದ ಕರೆಂಟ್ ಎಳೆಯುತ್ತಲೇ ಇರುತ್ತದೆ. ಎಳೆದದ್ದೆಲ್ಲ ಶಾಖ. ಕರೆಂಟ್ ಎರಡು ಪಟ್ಟಾದರೆ ತಂತಿಯ ಬಿಸಿ ನಾಲ್ಕು ಪಟ್ಟು. ನಮ್ಮ ರೈತರಿಗೆ ಇದು ಗೊತ್ತು: ಬೇಸಿಗೆಯಲ್ಲಿ ವೋಲ್ಟೇಜ್ ಬಿದ್ದಾಗ ಪಂಪ್ ಓಡಿಸಿದರೆ ಮಾರನೆಯ ದಿನ ಮೋಟಾರ್ ನನ್ನ ಅಂಗಡಿಯಲ್ಲಿರುತ್ತದೆ.

ಅದೇ ಮೋಟಾರಿಗೆ ಹಿಂದೆ 66 ಹಲ್ಲಿನ ಸ್ಪ್ರಾಕೆಟ್ ಹಾಕಿದ್ದರೆ ತಳ್ಳುಬಲ 136 ನ್ಯೂಟನ್ ಆಗುತ್ತಿತ್ತು. ವೇಗ 26 ಕಿ.ಮೀ.ಗೆ ಇಳಿಯುತ್ತಿತ್ತು, ನಿಜ. ಗೇಟಿನ ಏರು ಮಾತ್ರ ಹತ್ತುತ್ತಿತ್ತು. 40 ಕಿ.ಮೀ. ವೇಗವೂ ಬೇಕು, ಏರೂ ಹತ್ತಬೇಕು ಅನ್ನುವವರು 2000 ವ್ಯಾಟಿನದಕ್ಕೇ ಹೋಗಿ. ಆ ವೇಗದಲ್ಲಿ ಸಮತಟ್ಟು ರಸ್ತೆಯಲ್ಲೇ ಗಾಳಿಯ ತಡೆ ಸೇರಿ ಸುಮಾರು 800 ವ್ಯಾಟ್ ಬೇಕು.

ಗುಜರಿಯಲ್ಲಿ ಕಾರಿನ ಸ್ಟಾರ್ಟರ್ ಮೋಟಾರ್ ಅಗ್ಗಕ್ಕೆ ಸಿಗುತ್ತದೆ, ಟಾರ್ಕೂ ಜೋರು. ದಯವಿಟ್ಟು ಕೊಳ್ಳಬೇಡಿ. ಕೆಲವು ಸೆಕೆಂಡು ತಿರುಗಿ ಸುಮ್ಮನಾಗಲು ಮಾಡಿದ ಯಂತ್ರವದು, ಹತ್ತು ನಿಮಿಷ ಓಡಿಸಿದರೆ ಉಳಿಯುವುದಿಲ್ಲ. ವೈಪರ್ ಮೋಟಾರ್ ಎಂದು ಕೇಳಿದವರೂ ಇದ್ದಾರೆ. ಅದರ ಮಾತು ಬಿಡಿ.

ಬ್ರಷ್ ಇರುವುದೋ, ಬ್ರಷ್ ಇಲ್ಲದ ಬಿಎಲ್‌ಡಿಸಿಯೋ? ಮೊದಲ ಕಾರ್ಟ್ ಆದರೆ, ಎಲ್ಲವನ್ನೂ ಕಣ್ಣಾರೆ ಕಲಿಯಬೇಕೆಂದರೆ, ಬ್ರಷ್ ಮೋಟಾರೇ ನನ್ನ ಆಯ್ಕೆ. ಎರಡೇ ವೈರು, ಕಾರ್ಬನ್ ಸವೆದರೆ ನೀವೇ ಬದಲಿಸಬಹುದು. ಹೆಚ್ಚು ಹೊತ್ತು ಓಡಿಸುವವರಿಗೆ ಬಿಎಲ್‌ಡಿಸಿ ಒಳ್ಳೆಯದು. ಕರೆಂಟ್ ಹರಿಯುವ ಸುರುಳಿ ಸಾಮಾನ್ಯವಾಗಿ ಹೊರಗಿನ ಕವಚಕ್ಕೆ ಅಂಟಿಕೊಂಡಿರುವುದರಿಂದ ಬಿಸಿ ಬೇಗ ಹೊರಗೆ ಹೋಗುತ್ತದೆ. ಆದರೆ ಮೂರು ದಪ್ಪ ವೈರು, ಹಾಲ್ ಸೆನ್ಸರಿನ ಐದು ಸಣ್ಣ ವೈರು, ಅದಕ್ಕೆ ಹೊಂದುವ ಕಂಟ್ರೋಲರ್ ಎಲ್ಲ ಬೇಕು. ಇ-ರಿಕ್ಷಾದ ಮೋಟಾರ್ ಡಿಫರೆನ್ಷಿಯಲ್ ಸಮೇತ ಸಿಕ್ಕರೆ ಬಿಡಬೇಡಿ. ಭಾರ ಎಳೆಯಲೆಂದೇ ಮಾಡಿದ್ದು ಅದು, ಗೇರಿನ ಚಿಂತೆ ಅರ್ಧ ಕಳೆಯುತ್ತದೆ. ಸ್ಕೂಟರಿನ ಹಬ್ ಮೋಟಾರಿಗೆ ಸಾಮಾನ್ಯವಾಗಿ ಗೇರೇ ಇರುವುದಿಲ್ಲ, ಸ್ಪ್ರಾಕೆಟ್ ಬದಲಿಸಿ ತಪ್ಪು ತಿದ್ದಿಕೊಳ್ಳುವ ಅವಕಾಶವೂ ಇರುವುದಿಲ್ಲ.

24 ವೋಲ್ಟ್ ಬೇಡ, 48 ಇರಲಿ. ಅಷ್ಟೇ ವ್ಯಾಟಿಗೆ ಕರೆಂಟ್ ಅರ್ಧವಾಗುತ್ತದೆ, ಕೇಬಲ್ ತಣ್ಣಗಿರುತ್ತದೆ. ಕಂಟ್ರೋಲರಿನಲ್ಲಿ ಕರೆಂಟ್ ಮಿತಿ ಇದೆಯೇ ಎಂದು ಅಂಗಡಿಯವನನ್ನು ಕೇಳಿಯೇ ದುಡ್ಡು ಕೊಡಿ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್, ಕೈಗೆಟುಕುವಲ್ಲಿ ಕೆಂಪು ಸ್ವಿಚ್, ಮತ್ತು ಮೋಟಾರಿಗಿಂತ ಮೊದಲು ಬ್ರೇಕ್. ಇವಿಲ್ಲದ ಕಾರ್ಟನ್ನು ನನ್ನ ಅಂಗಡಿ ಮುಂದೆ ಓಡಿಸಲು ನಾನು ಬಿಡುವುದಿಲ್ಲ.

ಆ ನಾಲ್ವರ ಮೋಟಾರಿಗೆ ಹೊಸ ತಂತಿ ಸುತ್ತಿಟ್ಟಿದ್ದೇನೆ. ದೊಡ್ಡ ಸ್ಪ್ರಾಕೆಟ್ ತಂದರೆ ಕೂರಿಸಿಕೊಡುತ್ತೇನೆ. ಉಳಿದವರು ಕೊಳ್ಳುವ ಮುಂಚೆಯೇ ಬನ್ನಿ. ಕಾರ್ಟಿನ ತೂಕ, ಟೈರಿನ ಅಳತೆ, ಓಡಿಸುವ ಜಾಗದ ಏರು ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಬಂದರೆ ಕೂತು ಲೆಕ್ಕ ಹಾಕೋಣ. ಸಂಜೆ ಐದರ ಮೇಲೆ ನನಗೆ ಬಿಡುವಿರುತ್ತದೆ.

ನಿಮ್ಮ ವೈಂಡಿಂಗ್ ಅಂಗಡಿಯ ಅಂಕಲ್