ನಾಯಕನ ಮೊದಲ ತುತ್ತು

(ಮೈಸೂರಿನ ಸರಸ್ವತಿಪುರಂ. ಬೆಳಿಗ್ಗೆ ಆರೂವರೆ. ಜಗಲಿಯ ಮೇಲೆ ಭಾವ ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತಿದ್ದಾರೆ. ಎದುರಿಗೆ ನಾಲ್ಕು ತಿಂಗಳ ನಾಯಿಮರಿ ಬೋಂಡ, ಅಪ್ಪಟ ಬೀದಿ ಕುಲ, ಜೊಲ್ಲು ನೆಲಕ್ಕೆ ತಾಗಿದೆ. ರಾಜಿ ಗೇಟು ತೆಗೆದು ಬರುತ್ತಾಳೆ.)

ರಾಜಿ: ಏನ್ ಭಾವ, ಇಷ್ಟು ಬೇಗ ತಿಂಡಿ?

ಭಾವ: ತಿಂಡಿ ಅಲ್ಲ ಕಣಮ್ಮ, ಆಡಳಿತ. ಗುಂಪಿನ ನಾಯಕ ಮೊದಲು ತಿನ್ನಬೇಕು, ಆಮೇಲೆ ಪ್ರಜೆ. ಇಲ್ಲದಿದ್ರೆ ನಾಯಿ ತಾನೇ ಯಜಮಾನ ಅಂದ್ಕೊಳ್ಳುತ್ತೆ. ಯೂಟ್ಯೂಬಲ್ಲಿ ಒಬ್ಬರು ಹೇಳಿದ್ದಾರೆ. ಅವರ ತೋಳಿನ ಮೇಲೇ ತೋಳದ ಹಚ್ಚೆ ಇದೆ, ಸುಳ್ಳು ಹೇಳ್ತಾರಾ?

ರಾಜಿ: ಮರಿಗೆ ದಿನಕ್ಕೆ ಎಷ್ಟು ಊಟ?

ಭಾವ: ಮೂರು.

ರಾಜಿ: ಅಂದ್ರೆ ನಿಮಗೂ ಮೂರು.

ಭಾವ: ಅದು ನಾಯಕನ ಖಾತೆ. ನನ್ನ ಸ್ವಂತ ತಿಂಡಿ, ಊಟ, ರಾತ್ರಿ ಚಪಾತಿ ಬೇರೆ.

ರಾಜಿ: ಶುಗರ್ ಎಷ್ಟಿದೆ?

ಭಾವ: ಡಾಕ್ಟರು ನಾಯಕತ್ವ ಸ್ವಲ್ಪ ಕಮ್ಮಿ ಮಾಡಿ ಅಂದಿದ್ದಾರೆ.

ಅಕ್ಕ (ಅಡುಗೆಮನೆಯಿಂದ): ಬಿಸ್ಕತ್ತಿಗೂ ಇದೇ ಕಥೆ ಕಣೇ! ಅದಕ್ಕೊಂದು, ಇವರಿಗೆ ಎರಡು.

ಭಾವ: ಪಾಲಲ್ಲೂ ತಾರತಮ್ಯ ಕಾಣಬೇಕು.

ರಾಜಿ: ಮೊನ್ನೆ ಅದಕ್ಕೆ ಜಂತುಹುಳದ ಔಷಧಿ ಹಾಕಿದ್ರಲ್ಲ. ಅದನ್ನೂ ನೀವೇ ಮೊದಲು...?

(ಭಾವ ಉಪ್ಪಿಟ್ಟಿನಲ್ಲಿ ಗೋಡಂಬಿ ಹುಡುಕತೊಡಗುತ್ತಾರೆ.)

ಅಕ್ಕ: ಒಂದು ಚಮಚ!

ಭಾವ: ಅರ್ಧ ಚಮಚ. ರುಚಿ ಏನೋ ಚೆನ್ನಾಗೇ ಇತ್ತು.

ರಾಜಿ: ಭಾವ, ಆ ಜೊಲ್ಲು ನೋಡಿ. ರಷ್ಯಾದಲ್ಲಿ ಪಾವ್ಲೊವ್ ಅಂತ ಇದ್ರು, ಜೀರ್ಣಕ್ರಿಯೆಯ ಸಂಶೋಧನೆಗೆ 1904ರಲ್ಲಿ ನೊಬೆಲ್ ಬಂತು. ಊಟಕ್ಕೆ ಮುಂಚೆ ಒಂದು ಸದ್ದು ಕೇಳಿಸ್ತಾ ಹೋದ್ರೆ, ಕೊನೆಗೆ ಬರೀ ಸದ್ದಿಗೇ ನಾಯಿ ಜೊಲ್ಲು ಸುರಿಸುತ್ತೆ ಅಂತ ತೋರಿಸಿದ್ರು. ಈ ಮನೇಲಿ ಆ ಸದ್ದು ನೀವು. ನೀವು ಅಗಿಯೋಕೆ ಶುರು ಮಾಡಿದ್ರೆ ತನ್ನ ಬಟ್ಟಲು ಬರುತ್ತೆ ಅಂತ ಕಲ್ತುಬಿಟ್ಟಿದೆ.

ಭಾವ: ಅಂದ್ರೆ ನನ್ನನ್ನ ನಾಯಕ ಅಂದ್ಕೊಂಡಿಲ್ವಾ?

ರಾಜಿ: ಊಟದ ಗಂಟೆ ಅಂದ್ಕೊಂಡಿದೆ.

ಭಾವ: ತೋಳಗಳಲ್ಲಿ ಆಲ್ಫಾ ಅಂತ ಇರೋದು ಸುಳ್ಳಾ ಹಾಗಾದ್ರೆ?

ರಾಜಿ: 1947ರಲ್ಲಿ ಶೆಂಕೆಲ್ ಅನ್ನೋರು ಬಾಸೆಲ್ ಮೃಗಾಲಯದ ತೋಳಗಳನ್ನ ನೋಡಿ ಬರೆದದ್ದು ಅದು. ಕಂಡರಿಯದ ಹತ್ತು ಜನರನ್ನ ಛತ್ರದ ಒಂದೇ ರೂಮಿಗೆ, ಒಂದೇ ಬಚ್ಚಲಿಗೆ ಬಿಟ್ಟಂಗೆ. ತೋಳಗಳು ಕಚ್ಚಾಡದೆ ಏನು ಮಾಡ್ತಾವೆ? ಡೇವಿಡ್ ಮೆಕ್ ಅನ್ನೋರು 1970ರಲ್ಲಿ ತಮ್ಮ ಪುಸ್ತಕದಲ್ಲಿ ಅದನ್ನ ಊರಿಗೆಲ್ಲ ಹಂಚಿದ್ರು. ಆಮೇಲೆ ಕಾಡಿನ ತೋಳಗಳ ಹಿಂದೆ ವರ್ಷಗಟ್ಟಲೆ ತಿರುಗಿ, 1999ರಲ್ಲಿ ಅವರೇ ಬರೆದ್ರು: ಗುಂಪು ಅಂದ್ರೆ ಹೆಚ್ಚಾಗಿ ಅಪ್ಪ, ಅಮ್ಮ, ಮಕ್ಕಳು. ಆ ಹಳೇ ಪುಸ್ತಕ ಅಚ್ಚು ಹಾಕಬೇಡಿ ಅಂತ ಪ್ರಕಾಶಕರನ್ನ ಕೇಳ್ಕೊಂಡ್ರು ಕೂಡ.

ಭಾವ: ನಿಮ್ಮ ಮೆಕ್ಕು ಮನಸ್ಸು ಬದಲಾಯಿಸಿರಬಹುದು. ಯೂಟ್ಯೂಬಿನವರು ಬದಲಾಯಿಸಿಲ್ಲ.

ಅಕ್ಕ: ಬಾಗಿಲ ಕಥೆ ಹೇಳ್ರೀ!

ಭಾವ: ಬಾಗಿಲಲ್ಲೂ ನಾಯಕ ಮುಂದೆ. ನಿನ್ನೆ ಇಬ್ಬರೂ ಒಟ್ಟಿಗೆ ನುಗ್ಗಿ ಹೊಸ್ತಿಲಲ್ಲಿ ಸ್ವಲ್ಪ... ಬೆನ್ನಿಗೆ ಮುಲಾಮು ಹಚ್ಚಿದೆ, ಈಗ ಪರವಾಗಿಲ್ಲ. ಅದಿರಲಿ, ಸೋಫಾ ಹಿಂದೆ ಉಚ್ಚೆ ಹೊಯ್ದಿತ್ತು. ಆಫೀಸಿಂದ ಬಂದು ಮೂಗು ಒತ್ತಿಸಿ ಬೈದೆ. ತಲೆ ತಗ್ಗಿಸ್ತು ನೋಡು, ತಪ್ಪಿತಸ್ಥ ಮುಖ!

ರಾಜಿ: ಅದು ಹೆದರಿದ ಮುಖ ಭಾವ. ಬೆಳಿಗ್ಗೆ ಮಾಡಿದ್ದಕ್ಕೆ ಸಂಜೆ ಬೈದ್ರೆ ಅದಕ್ಕೆ ಹೇಗೆ ಗೊತ್ತಾಗ್ಬೇಕು? ನೀವು ಚೀಲ ಇಟ್ಟ ತಕ್ಷಣ ಕೂಗಾಡ್ತೀರಿ, ಅಷ್ಟೇ ಅದು ಕಲಿಯೋದು. ಆಮೇಲೆ ಮರೆಯಲ್ಲಿ, ಮಂಚದ ಕೆಳಗೆ ಹೊಯ್ಯುತ್ತೆ. ಎದ್ದ ಕೂಡಲೇ, ಉಂಡ ಮೇಲೆ, ಆಡಿದ ಮೇಲೆ, ಮಲಗೋ ಮುಂಚೆ, ದಿನಾ ಅದೇ ಹೊತ್ತಿಗೆ ಸಂಪಿಗೆ ಮರದ ಬುಡಕ್ಕೆ ಕರ್ಕೊಂಡ್ಹೋಗಿ. ಮುಗಿಸಿದ ಗಳಿಗೆಯಲ್ಲೇ, ಅಲ್ಲೇ ನಿಂತು, ಕಡಲೆಬೀಜದಷ್ಟು ಪನೀರ್ ಕೊಡಿ. ಮನೆಯೊಳಗೆ ಬಂದು ಕೊಟ್ರೆ, ಒಳಗೆ ಬಂದಿದ್ದಕ್ಕೆ ಕೊಟ್ರು ಅಂದ್ಕೊಳ್ಳುತ್ತೆ. ಮರಿಗೆ ಉಚ್ಚೆ ತಡೆಯೋ ಶಕ್ತಿ ಇನ್ನೂ ಪೂರ್ತಿ ಬಂದಿರಲ್ಲ, ಅದಕ್ಕೆ ಮರ್ಯಾದೆ ಕಲಿಸೋಕೆ ಹೊರಟಿದ್ದೀರಲ್ಲ! ಜನ ತಮ್ಮ ಸಿಟ್ಟಿಗೆ ಶಿಸ್ತು ಅಂತ ಹೆಸರಿಟ್ಟು ನಾಲ್ಕು ಕಾಲಿನ ಕೂಸಿನ ಮೇಲೆ ತೀರಿಸ್ಕೊಳ್ತಾರೆ.

(ಮಾತು ಉದ್ದವಾಯಿತು. ಬರೆಯುವವರ ಸಿಟ್ಟೂ ಅದರೊಳಗೆ ಸೇರಿಕೊಂಡಿದೆ, ತಡೆಯಲಾಗಲಿಲ್ಲ.)

ಭಾವ: ಲಂಚ ಕೊಟ್ಟ ಹಾಗಾಯ್ತು.

ರಾಜಿ: ಸಂಬಳ ಇಲ್ಲದೆ ನೀವು ಆಫೀಸಿಗೆ ಹೋಗ್ತೀರಾ? ಕಲಿತ ಮೇಲೆ ಪ್ರತಿ ಸಲ ಕೊಡಬೇಕಿಲ್ಲ, ಆಗಾಗ ಕೊಟ್ರೆ ಸಾಕು. ಅಂದ್ಹಾಗೆ ಸಾಂಬಾರಿನ ಈರುಳ್ಳಿ ಹಾಕ್ಬೇಡಿ. ದ್ರಾಕ್ಷಿ, ಚಾಕೊಲೇಟೂ ಬೇಡ. ನಾಯಿಗೆ ವಿಷ ಅವು.

ಭಾವ: ಕರೆದ್ರೆ ಬರೋದೇ ಇಲ್ಲ, ಅದಕ್ಕೇನು ಮದ್ದು? (ಗದರುತ್ತಾ) ಬೋಂಡ! ಬಾ ಇಲ್ಲಿ!

(ಬೋಂಡ ಜಗಲಿಯ ಮಂಚದ ಕೆಳಗೆ.)

ರಾಜಿ: ಏನಕ್ಕೆ ಕರೀತೀರಿ?

ಭಾವ: ಸ್ನಾನಕ್ಕೆ, ಉಗುರು ಕತ್ತರಿಸೋಕೆ, ಬೈಯೋಕೆ.

ರಾಜಿ: ಹಾಗಿದ್ರೆ ನಾನೂ ಬರಲ್ಲ. ಕರೆದಾಗೆಲ್ಲ ಒಳ್ಳೇದಾಗ್ಬೇಕು. ಸ್ನಾನಕ್ಕೆ ನೀವೇ ಹತ್ತಿರ ಹೋಗಿ ಎತ್ಕೊಳ್ಳಿ. ಈಗ ತುಂಡು ಹಿಡ್ಕೊಂಡು ಮೆತ್ತಗೆ ಕರೀರಿ.

(ಭಾವ ಒಳಗೆ ಹೋಗಿ ಪನೀರಿನ ಬಟ್ಟಲನ್ನೇ ತರುತ್ತಾರೆ.)

ಭಾವ (ಸಂಕೋಚದಿಂದ): ಬೋಂಡೂ... ಬಾ ಕಂದ...

(ಮೊದಲು ಮೂತಿ, ಆಮೇಲೆ ಕಿವಿ, ಆಮೇಲೆ ಬೋಂಡ ಪೂರ್ತಿ.)

ರಾಜಿ: ಈಗ ಚೂರನ್ನ ಮೂಗಿನ ಹತ್ತಿರದಿಂದ ತಲೆ ಮೇಲಕ್ಕೆ ನಿಧಾನ ಒಯ್ಯಿರಿ. ಹಿಂಬದಿ ತಾನೇ ಕೆಳಗೆ ಇಳಿಯುತ್ತೆ.

(ಇಳಿಯುತ್ತದೆ.)

ಭಾವ: ಕೂತ್ಕೊಂಡ್ತು! ರಾಜಿ, ಕೂತ್ಕೊಂಡ್ತು! ತಗೋ. ಇನ್ನೊಂದು ತಗೋ. ಇದೂ ತಗೋ.

ರಾಜಿ: ಸಾಕು ಭಾವ, ಕಡಲೆಬೀಜದಷ್ಟು ಅಂದೆ!

ಅಕ್ಕ: ರೀ, ಮಧ್ಯಾಹ್ನದ ಪಲ್ಯಕ್ಕೆ ಇಟ್ಟಿದ್ದ ಪನೀರೆಲ್ಲಿ? ಒಂದು ನಿಮಿಷ ಇಲ್ಲಿ ಬನ್ನಿ!

ಭಾವ: ಬೈಯೋಕಾದ್ರೆ ಬರಲ್ಲ ಕಣೇ. ಕೊಡೋದೇನು ಅಂತ ಮೊದಲು ಹೇಳು.